ಮೂವತ್ತೆಂಟು

ಹ್ಯಾನ್‌ಕಾಕಿನ ಇಳಿಜಾರು ಬೀದಿ. ಕಿಟಕಿಯ ಕತ್ತಿನ ತನಕ ಹಿಮ.
ಸಲಿಕೆಯಲ್ಲಿ ದಾರಿ ಬಿಡಿಸಿಕೊಂಡು ಒಳಹೊಕ್ಕೆ,
ಹೆಗಲಲ್ಲಿ ಮೂವತ್ತಡಿ ತಂತಿಯ ಸುರುಳಿ.
ಲೆಂಪಿ ಸಾರೆಲಾ ನೆಲಮಾಳಿಗೆಯ ಮೆಟ್ಟಿಲಲ್ಲೇ ಕಾದಿದ್ದಳು,
ಕಾಲಿಗೆ ರಬ್ಬರ್ ಚಪ್ಪಲಿ.

"ಹೊಸ ಡ್ರೈಯರ್ ಬಂದಿದೆ. ಅದರ ಪ್ಲಗ್ಗಿಗೆ ನಾಲ್ಕು ಹಲ್ಲು,
ನನ್ನ ಗೋಡೆಗೆ ಮೂರೇ ತೂತು.
ಹೊಂದಿಸಿಕೊಡು, ಅಷ್ಟೇ" ಅಂದವಳು
ಒಂದಿಷ್ಟು ತಡೆದು, ದನಿ ತಗ್ಗಿಸಿ,
"ಹಳೆಯದು ಕಚ್ಚುತ್ತದೆ" ಅಂದಳು.
"ಒದ್ದೆ ಕೈ ಇದರ ಮೇಲೆ, ಇನ್ನೊಂದು ವಾಷಿಂಗ್ ಮಷೀನಿನ ಮೇಲೆ,
ಮೊಣಕೈ ತನಕ ಜುಮ್ಮೆನ್ನುತ್ತದೆ
ಇರುವೆ ಸಾಲು ಹತ್ತಿದ ಹಾಗೆ.
ಆರು ವರ್ಷ.
ವೈನೋ ಅನ್ನುತ್ತಾನೆ, ಚಳಿಗೆ ಹಾಗೆ, ನಿನ್ನ ನರ ಸಡಿಲ.
ಇದನ್ನೆಲ್ಲ ಜೋಡಿಸಿದವನೂ ಅವನೇ.
ತನ್ನ ಕೈಕೆಲಸ ಕಚ್ಚುವುದುಂಟೇ?"

ಮೇಲೆ ಅಡುಗೆಮನೆಯಲ್ಲಿ ಕುರ್ಚಿ ಕಿರ್ ಅಂದಿತು.

ಬುಟ್ಟಿಯಲ್ಲಿ ಶಾಲೆಯ ಹಾಕಿ ಹುಡುಗರ ಅಂಗಿಗಳು,
ಬೆನ್ನ ಮೇಲೆ ಒಂಬತ್ತು, ಹದಿನೇಳು, ನಾಲ್ಕು,
ವಾರಕ್ಕೆರಡು ಸಲ ಅವಳ ಕೈದಾಟಿ ಒಣಗುವ ಅಂಕಿಗಳು.

ಹಳೆಯದನ್ನು ತಿರುಗಲು ಬಿಟ್ಟು
ಮೀಟರಿನ ಒಂದು ಕಡ್ಡಿ ಇದಕ್ಕೆ, ಒಂದು ಅದಕ್ಕೆ ಮುಟ್ಟಿಸಿದೆ.
ಮೂವತ್ತೆಂಟು.
"ಏನು?"
ಮೂವತ್ತೆಂಟು ವೋಲ್ಟ್.
"ಜೋರಾಗಿ ಹೇಳು."
ಹೇಳಿದೆ.
"ಇನ್ನೂ."
ಮೆಟ್ಟಿಲ ಕಡೆ ಮುಖ ಮಾಡಿ ಹೇಳಿದೆ.
ಈ ಸಲ ಕುರ್ಚಿ ಸುಮ್ಮನಿತ್ತು.

ಮೇನ್ ಆರಿಸಿ, ಗೋಡೆಯ ಡಬ್ಬಿ ಬಿಚ್ಚಿದರೆ
ಬಿಳಿ ತಂತಿಯ ತಿರುಪು ಸಡಿಲ,
ತುದಿ ಹುರಿದ ಕಾಫಿಬೀಜದ ಬಣ್ಣ.
ಕಪ್ಪೂ ಕೆಂಪೂ ಬೆಂಕಿ ತರುವ ತಂತಿಗಳು;
ಬಿಳಿಯದು, ಮಿಕ್ಕಿದ್ದನ್ನು ಮನೆಗೆ ಮುಟ್ಟಿಸುವುದು.
ತಟಸ್ಥ ಅಂತ ಅದರ ಹೆಸರು,
ದಂಡೆಯ ಮೇಲೆ ನಿಂತದ್ದು.
ಎಂಥ ಹೆಸರು!
ಇದರ ಕಾಲು ಜಾರಿದರೆ
ಹೊಳೆಗೆ ಬೇರೆ ದಾರಿ ಬೇಕಲ್ಲ,
ತಗಡಿಗೆ ಹತ್ತುತ್ತದೆ,
ತಗಡಿನಿಂದ ಯಾರದೋ ಕೈಗೆ.

ಕತ್ತಲಲ್ಲಿ ವೈನೋ ಇಳಿದುಬಂದ, ಟಾರ್ಚ್ ಹಿಡಿದು.
ಏನೂ ಅನ್ನಲಿಲ್ಲ.
ನನ್ನ ತಿರುಪುಳಿ ಹೋದಲ್ಲೆಲ್ಲ ಬೆಳಕು ಬಂತು.
ಹೊಸ ತಂತಿ ಸುಲಿದೆ:
ಕಪ್ಪು, ಕೆಂಪು, ಬಿಳಿ, ಮತ್ತೊಂದು ಬರಿಮೈ ತಾಮ್ರ.
"ಇದು ಯಾಕೆ?" ಅಂದ, ಮೊದಲ ಮಾತು,
ತಾಮ್ರದ ಗಣಿ ತೋಡಿದ ಅಜ್ಜನ ಮೊಮ್ಮಗ.
ಇದಕ್ಕೆ ದಿನವೂ ಕೆಲಸವಿಲ್ಲ, ಅಂದೆ.
ಯಾರಾದರೂ ತಪ್ಪಿದ ದಿನ ಇದು ಓಡಿ ನೆಲ ಮುಟ್ಟಬೇಕು.
ಆತ ತಲೆಯಾಡಿಸಿದ. ಬೆಳಕೂ ಆಡಿತು.

ಹೊಸ ಡ್ರೈಯರಿನ ಬೆನ್ನಲ್ಲಿ
ಬಿಳಿಯದನ್ನೂ ತಗಡನ್ನೂ ಬೆಸೆದ ಪುಟ್ಟ ಪಟ್ಟಿ,
ಅಂಗಡಿಯವರು ಮರೆತದ್ದು.
ಬಿಚ್ಚಿ ಲೆಂಪಿಯ ಅಂಗೈಗೆ ಹಾಕಿದೆ.
ಇಷ್ಟೇನಾ ಅಂತ ನೋಡಿದಳು.

ಮೂವತ್ತು ಆಂಪಿಯರಿನ ಜೋಡಿ ಬ್ರೇಕರ್ ಏರಿಸಿದಾಗ
ಡ್ರೈಯರ್ ಗುನುಗಿತು.
ಅವಳು ಚಪ್ಪಲಿ ಕಳಚಿದಳು.
ಹದಿನೇಳನೆಯ ನಂಬರಿನ ಅಂಗಿ ಹಿಂಡಿ, ಕೈ ಒರೆಸದೆ,
ಒಂದು ಇದರ ಮೇಲಿಟ್ಟಳು, ಒಂದು ಅದರ ಮೇಲೆ,
ಹಾಗೇ ನಿಂತಳು, ನಾನು ಸಾಮಾನು ಚೀಲಕ್ಕೆ ತುಂಬಿ ಮುಗಿಯುವ ತನಕ.

ಬಿಲ್ಲಿನಲ್ಲಿ ಕೇಬಲ್ಲು, ಬ್ರೇಕರು, ಸಾಕೆಟ್ಟು, ಕೂಲಿ.
ಕೆಳಗೆ, ಅವಳು ಕೇಳಿದ್ದಕ್ಕೆ,
ಆ ಅಂಕಿಯನ್ನೂ ಬರೆದು ರುಜು ಹಾಕಿದೆ.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು,
ವೈನೋ ಹಾಲು ತೆಗೆಯುವ ಎತ್ತರಕ್ಕೆ.