ಹಕಾರ

ಮೂರು ರಾತ್ರಿಯಿಂದ, ಉಂಡ ತಟ್ಟೆ ಎತ್ತಿದ ಮೇಲೆ
ಅದೇ ಮಾತು: ಯಾವ ಭಾಷೆ?
ಕನ್ನಡ ಬರುತ್ತದೆ, ಇಂಗ್ಲಿಷು ಓದುತ್ತಾರೆ,
ಮನೆಯಲ್ಲೇ ಕಲಿಯುವ ಮಕ್ಕಳಿಗೆ ಹೊರಗಿನದೊಂದು ಬೇಕು
ಎಂದು ನಾನೇ ಎಳೆದುಕೊಂಡ ರಾಗ.

ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಇವರು
ಕಾಲು ತೊಳೆಯುತ್ತಲೇ ಜರ್ಮನ್ ಅಂದರು.
ಯಂತ್ರದ ಮೈಮೇಲೆ ಬರೆದಿರುತ್ತದಂತೆ,
ಓದಲು ಬಂದವನಿಗೆ ಬೋಲ್ಟು ಬಿಚ್ಚುವುದು ಸುಲಭವಂತೆ.
ಮೈದುನ ಪುಟ್ಟಲಿಂಗು ಫೋನಿನಲ್ಲಿ:
ಅತ್ತಿಗೆ, ಜಪಾನಿ ಕಲಿಸಿ,
ಅಲ್ಲೂ ಕ್ರಿಯಾಪದ ಕೊನೆಗೇ ಬರೋದು, ನಮ್ಮಂಗೆ.
ಪೂರಾ ಕೇಳೋವರ್ಗೂ
ಒಡೆದ್ನೋ ತಬ್ಬಿದ್ನೋ ಗೊತ್ತಾಗಲ್ಲ.

ಮೈಸೂರಿನ ಒಂದು ಕಡೆ ತಿಂಗಳಿಗೆ ಎರಡು ಸಾವಿರ, ತಲೆಗೆ.
ಇನ್ನೊಂದು ಪೆಟ್ಟಿಗೆ: ಹನ್ನೆರಡು ಪುಸ್ತಕ, ಒಂದು ಪೆನ್ ಡ್ರೈವ್,
ತಾಯಿಗೆ ಏನೂ ಗೊತ್ತಿಲ್ಲದಿದ್ದರೂ ನಡೆಯುತ್ತದೆ
ಎಂದು ಅದರ ಬೆನ್ನ ಮೇಲೆ.
ಆ ಸಾಲನ್ನು ಎರಡು ಸಲ ಓದಿ ಪಕ್ಕಕ್ಕಿಟ್ಟೆ.
ಕೊನೆಗೆ ಟ್ಯಾಬಿನಲ್ಲಿ ಏಳು ದಿನ ಪುಕ್ಕಟೆಯದು,
ಆಲೆಮನೆಯಲ್ಲಿ ಅಚ್ಚು ಕೊಳ್ಳುವ ಮುಂಚೆ
ಚೂರು ಮುರಿದು ನಾಲಗೆಗಿಡುವ ಹಾಗೆ.

ಜರ್ಮನ್ ದಿನ ಮಗ ಮೋಕ್ಷಿತ
ಗಂಟಲಲ್ಲಿ ಮೀನುಮುಳ್ಳು ಸಿಕ್ಕವನಂತೆ ಕುಣಿದ.
ಜಪಾನಿನಲ್ಲಿ ನಾಯಿ ವಾನ್ ವಾನ್ ಅನ್ನುತ್ತದೆಂದು ತಿಳಿದು
ಬೀದಿಯ ಕರಿಯನ ಮುಂದೆ ಕೂತು ಅರ್ಧ ದಿನ ಪರೀಕ್ಷೆ.
ಹಂಸ ಮಾತ್ರ ಬಾಯಿ ಬಿಡಲಿಲ್ಲ.

ಹೇಳಲೇಬೇಕು, ಅವಳು ಮನೆಯಲ್ಲಿ ಕೂತದ್ದು ಯಾಕೆಂದು.
ಎರಡನೇ ಕ್ಲಾಸು. ಹೆಸರೇನು ಅಂದರೆ
ಅಂಸ ಅಂದಳು.
ಹಾಲು ಅನ್ನು. ಆಲು. ಹಣ್ಣು ಅನ್ನು. ಅಣ್ಣು.
ನಲವತ್ತು ಮಕ್ಕಳು ನಕ್ಕ ಸದ್ದು
ಅವಳ ಬ್ಯಾಗಿನೊಳಗೆ ಕೂತು ಮನೆಗೆ ಬಂತು.
ಆಮೇಲೆ ಶಾಲೆಯಲ್ಲಿ ಮಾತು ನಿಂತಿತು,
ಆಮೇಲೆ ಮನೆಯಲ್ಲೂ.
ಬಿ.ಎಡ್. ಓದುವಾಗ ನಾನೂ ಉಂಡದ್ದೇ ಇದು.
ಬಾಯಿ ಮುಂದೆ ಅಂಗೈ ಹಿಡಿದು, ಉಸಿರು ಬಿಸಿಯಾಗಿ ತಾಗುವವರೆಗೆ
ಹಾಸ್ಟೆಲಿನ ಬಚ್ಚಲಲ್ಲಿ ಅಭ್ಯಾಸ ಮಾಡಿದೆ.
ಇವತ್ತಿಗೂ ಸಿಟ್ಟು ಬಂದರೆ
ಮೊದಲು ಉದುರಿಹೋಗುವ ಅಕ್ಷರ ಅದೇ.

ಐದನೇ ದಿನ ಫ್ರೆಂಚ್.
ಅತ್ತೆ ನಿಂಗಾಜಮ್ಮ ಅವರೆಕಾಯಿ ಸುಲಿಯುತ್ತಾ,
ಪಾಂಡವಪುರ ಅನ್ನೋದು ಈಚ್ಗೆ ಕಣವ್ವ,
ಮೊದ್ಲು ಪೆಂಚ್ರಾಕ್ಸು ಅಂತಿದ್ರು.
ಆ ಬಿಳಿ ಸಿಪಾಯಿಗಳು ಇಲ್ಲೇ ಡೇರೆ ಆಕಿದ್ರಂತೆ,
ಒಂದೆರಡು ಮಾತು ಯಾವ್ದಾರ ಬಂಡೆ ಸಂದೀಲಿ
ಉಳ್ಕಂಡಿರ್ಬೌದು, ನೋಡು ಅಂದರು.
ಟ್ಯಾಬಿನೊಳಗಿನ ಹೆಂಗಸು
ಕಿಟಕಿಗಳ ದೊಡ್ಡ ಕಟ್ಟಡ ತೋರಿಸಿ
ಓತೆಲ್ ಅಂದಳು.
ಅತ್ತೆ ತಲೆ ಎತ್ತಲಿಲ್ಲ:
ಓಟ್ಲೇ ಅಲ್ವಾ? ಅದ್ರಲ್ಲೇನು ಕಲಿಯಾದು?

ಕೆಳಗೆ ಅಕ್ಷರಗಳಿದ್ದವು. ಎಚ್ ಇತ್ತು, ಮೊದಲಲ್ಲೇ ಇತ್ತು.
ಹೆಂಗಸು ಅದನ್ನು ಮುಟ್ಟಲಿಲ್ಲ,
ಹೊಸ್ತಿಲಲ್ಲಿ ಮಲಗಿದ ಬೆಕ್ಕನ್ನು ದಾಟುವಂತೆ
ಎಬ್ಬಿಸದೆ ದಾಟಿ ಹೋದಳು.

ಹಂಸ ಮತ್ತೆ ಒತ್ತಿದಳು. ಓತೆಲ್.
ಮತ್ತೆ. ಓತೆಲ್.
ಅವ್ವಾ, ಇವ್ಳ್ಗೆ ಯಾರೂ ಬಯ್ಯಲ್ವಾ?

ಇಲ್ಲ ಮಗಳೇ, ಅವ್ರ ದೇಶ ಪೂರಾ ಅಂಗೇ ಮಾತಾಡ್ತದೆ
ಎಂದೆ. ಅಂದ ಮೇಲೆ ಗೊತ್ತಾಯಿತು,
ಹಂಗೇ ಅನ್ನಲಿಲ್ಲ ನಾನು.

ನಿನ್ನ ಹೆಸರು ಹೇಳು ಎಂದಿತು ಟ್ಯಾಬು.
ಮಗಳು ನನ್ನ ಮುಖ ನೋಡಿದಳು,
ಅಜ್ಜಿಯ ಮುಖ ನೋಡಿದಳು,
ಬೀದಿಯಲ್ಲಿ ಕಬ್ಬಿನ ಟ್ರಾಕ್ಟರು ದಾಟಿ ಹೋಗುವವರೆಗೂ ಕಾದು
ಅಂಸ
ಅಂದಳು. ಪರದೆ ಹಸಿರಾಯಿತು.

ದುಡ್ಡಿನ್ನೂ ಕಟ್ಟಿಲ್ಲ. ಎರಡು ದಿನ ಉಳಿದಿದೆ.
ಫ್ರೆಂಚ್ ಕಲಿತು ಬೋಲ್ಟು ಬಿಚ್ಚಕ್ಕಾಯ್ತದಾ ಎಂದು ಇವರು ಕೇಳಿದರು,
ಸಾರು ಬಡಿಸಿದೆ.
ಮೋಕ್ಷಿತನಿಗೆ ಮಾತ್ರ ಜಪಾನಿಯೇ ಆಗಬೇಕಂತೆ:
ನಿನ್ನೆ ಸಂಜೆ ಕರಿಯ
ಒಂದೇ ಒಂದು ಸಲ, ಆದರೂ ಸರಿಯಾಗಿ,
ವಾನ್ ಅಂದಿತಂತೆ.