ಎಡಗಾಲು

ಕುರುಬರಹಳ್ಳಿ ಏರಿನಲ್ಲಿ ಶುರುವಾದದ್ದು.
ಎಂಜಿನ್ನು ಊರಿಗೆಲ್ಲ ಕೇಳುವಂತೆ ಕೂಗುತ್ತೆ,
ಕಾರಿನದು ಮಾತ್ರ ಎಮ್ಮೆ ನಡಿಗೆ.
ಹಿಂದೆ ಬಿಎಂಟಿಸಿ ಬಸ್ಸು, ಅದರ ಹಾರನ್ನು,
ಸ್ಟಿಯರಿಂಗ್ ಹಿಡಿದ ಹೊಂಬಾಳಮ್ಮನ ಕತ್ತಿನ ಮೇಲೆ ಬೆವರು,
ಒಳಗೆ ಒಂದು ವಾಸನೆ:
ಇಸ್ತ್ರಿ ಪೆಟ್ಟಿಗೆ ಕೆಳಗೆ ಮರೆತ ಉಣ್ಣೆ ಬಟ್ಟೆಯದು.
ಟೈಲರಲ್ಲವೇ, ಮೊದಲು ಗೊತ್ತಾದದ್ದು ಅವಳ ಮೂಗಿಗೇ.
"ಮೇಡಂ, ಏನೋ ಸೀದೋಗ್ತಿದೆ."

ಬೈದೆ.
ಹಾಫ್ ಕ್ಲಚ್ಚಲ್ಲೇ ಊರು ಸುತ್ತಬೇಡಿ ಅಂತ ಎಷ್ಟು ಸಲ ಹೇಳಲಿ,
ಕಾಲು ತೆಗೀರಿ, ಪೂರ್ತಿ ತೆಗೀರಿ.
ಹನ್ನೊಂದು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ,
ಬ್ಯಾಂಕಿನವರಿಗೆ, ಬಾಣಂತನ ಮುಗಿಸಿ ಬಂದವರಿಗೆ,
ಗಂಡನ ಕಾರನ್ನು ಗಂಡನಿಗೆ ತಿಳಿಯದೆ ಕಲಿಯುವವರಿಗೆ.

ಕಾಮಾಕ್ಷಿಪಾಳ್ಯದಲ್ಲಿ, ಪೌಡರ್ ಕೋಟಿಂಗ್ ಶೆಡ್ಡಿನ ಪಕ್ಕ
ದಸ್ತಗೀರ್ ಸಾಬರ ಗ್ಯಾರೇಜು.
ಅವರು ಮೊದಲಿಗೇ ಬಾನೆಟ್ಟು ಎತ್ತುವುದಿಲ್ಲ.
ಟೀ ಲೋಟ ಕೆಳಗಿಟ್ಟು, ಒಳಗೆ ಕೂತು, ಹ್ಯಾಂಡ್‌ಬ್ರೇಕು ಎಳೆದು,
ಹುಡುಗನ ಕೈಲಿ ಚಕ್ರಕ್ಕೆ ಕಲ್ಲು ಕೊಡಿಸಿ,
ನಾಲ್ಕನೇ ಗೇರಿಗೆ ಹಾಕಿ
ಕ್ಲಚ್ಚು ಬಿಟ್ಟರು,
ನಿದ್ದೆ ಹೋದ ಮಗುವಿನ ತಲೆ ಕೆಳಗಿಂದ
ಕೈ ತೆಗೆದುಕೊಂಡ ಹಾಗೆ.

"ಈಗ ಸಾಯಬೇಕು, ನೋಡಿ."
ಸಾಯಲಿಲ್ಲ.
ಯಾರೂ ಇಲ್ಲದ ಮನೆಯಲ್ಲಿ ಟಿವಿ ಓಡುವ ಹಾಗೆ
ಎಂಜಿನ್ನು ಓಡುತ್ತಲೇ ಇತ್ತು.
"ಸತ್ತಿದ್ದರೆ ಪ್ಲೇಟು ಚೆನ್ನಾಗಿದೆ ಅಂತ.
ಬದುಕಿದೆಯಲ್ಲ, ಅದೇ ರೋಗ."

ಆಮೇಲೆ ಕಿವಿ.
ಪೆಡಲಿಗೆ ಕಾಲು ಸೋಕಿದರೆ ಸಾಕು, ಕೆಳಗೆಲ್ಲೋ
ಜೀರುಂಡೆಯೊಂದು ಕಿರ್ರನ್ನುತ್ತೆ. ಬಿಟ್ಟರೆ ಸುಮ್ಮನೆ.
"ಬೇರಿಂಗು."
ಎರಡನೇ ಗೇರಿಗೆ ಬೀಳುವಾಗ, ಅನ್ನದಲ್ಲಿ ಕಲ್ಲು ಸಿಕ್ಕ ಸದ್ದು.
ಅದಕ್ಕೆ ಮಾತ್ರ ನಕ್ಕರು:
"ಇದು ನಿಮ್ಮ ಹುಡುಗೀರದು. ಅರ್ಧ ತುಳಿದು ಗೇರು ಎಳೀತಾರೆ.
ರಿಂಗು ಸವೆದಿದೆ. ಇನ್ನೊಂದೆರಡು ವರ್ಷ ಬರುತ್ತೆ, ಬಿಡಿ."

"ಪ್ಲೇಟು ತಿಂದದ್ದೂ ಅವರೇ," ನಾನಂದೆ.
"ಕುಣೀಲಾರದವರಿಗೆ ನೆಲ ಡೊಂಕು, ಇವರಿಗೆ ಕಾರು."

ಸಾಬರು ಮಾತಾಡಲಿಲ್ಲ.
ಟಾರ್ಚು ಹಿಡಿದು ಬಲಗಡೆ ಬಗ್ಗಿದರು.
ಆಮೇಲೆ ಸುತ್ತಿಬಂದು ಎಡಗಡೆ, ನಾನು ಕೂರುವ ಕಡೆ,
ನನಗೆಂದು ಹಾಕಿಸಿದ ಎರಡನೇ ಜೋಡಿ ಪೆಡಲಿನ ಹತ್ತಿರ.
"ಬನ್ನಿ ಇಲ್ಲಿ."

ಕಲಿಯುವವರ ಕ್ಲಚ್ಚಿನ ರಬ್ಬರಿನಲ್ಲಿ ಗೆರೆಗಳು ಹಾಗೇ ಇದ್ದವು,
ಸಂದಿಯಲ್ಲಿ ಯಾರದೋ ಚಪ್ಪಲಿಯ ಮಣ್ಣು.
ನನ್ನದು ರುಬ್ಬುವ ಗುಂಡಿನಷ್ಟು ನುಣುಪು.
ಒಂದು ಮೂಲೆ ತೂತಾಗಿ
ಕಬ್ಬಿಣ ಹೊಳೆಯುತ್ತಿತ್ತು, ಹೆಬ್ಬೆರಳು ಕೂರುವ ಜಾಗದಲ್ಲಿ.

"ಎರಡಕ್ಕೂ ಒಂದೇ ಸರಳು, ಮೇಡಂ.
ಅವರು ಕಾಲು ತೆಗೀತಾ ಇದ್ದರು."

ಮೊದಲ ವರ್ಷ ಒಬ್ಬಳು ಹಾಲಿನ ಬೂತಿಗೆ ನುಗ್ಗಿಸಿದ್ದಳು.
ಯಾರಿಗೂ ಏನೂ ಆಗಲಿಲ್ಲ. ಕ್ರೇಟು ಉರುಳಿ
ಮೋರಿಯವರೆಗೂ ಬೆಳ್ಳಗೆ ಹರಿಯಿತು, ಅಷ್ಟೆ.
ಅವತ್ತು ಇಟ್ಟ ಕಾಲು.

ಜೆ.ಸಿ. ರೋಡಿನಿಂದ ಸೆಟ್ಟು ತರಿಸಿದರು, ಆರು ಸಾವಿರ ಚಿಲ್ಲರೆ.
ಹಳೇ ಪ್ಲೇಟು ಪೇಪರಲ್ಲಿ ಸುತ್ತಿ ಕೈಗೆ ಕೊಟ್ಟರು,
ರಿವೆಟ್ಟಿನ ತಲೆಗಳು ಮೇಲೆದ್ದಿದ್ದವು.
ಹೊಸಾದು ಮೇಲೇ ಹಿಡಿಯುತ್ತೆ, ಎಚ್ಚರ, ಅಂದರು.
ಇನ್ನೇನೂ ಅನ್ನಲಿಲ್ಲ.

ಸೋಮವಾರ, ಅದೇ ಏರು, ಅದೇ ಹೊಂಬಾಳಮ್ಮ.
ಎಡಚಪ್ಪಲಿ ಬಿಟ್ಟು, ಕಾಲು ಮಡಚಿ
ಸೀಟಿನ ಮೇಲೆ, ತೊಡೆ ಕೆಳಗೆ ಇಟ್ಟುಕೊಂಡೆ.
(ಬ್ರೇಕಿನ ಮೇಲಿನ ಬಲಗಾಲು ತೆಗೆಯಲಿಲ್ಲ. ಅಷ್ಟು ಆಗದು.)
ಮೂವತ್ತು ವರ್ಷ ಮಿಷನ್ನು ತುಳಿದ ಪಾದ
ನಿಧಾನವಾಗಿ ಮೇಲೆ ಬಂತು.
ಮೂತಿ ಒಂದಿಷ್ಟು ಎದ್ದಿತು. ನಡುಗಿತು.
ಎಂಜಿನ್ನು ಸತ್ತಿತು.

ಹಿಂದಿನಿಂದ ಆಟೋದವನ ಮಾತು.
"ಸಾರಿ ಮೇಡಂ," ಅಂದಳು.
ಚೆನ್ನಾಗಿದೆ, ಅಂದೆ. ಮತ್ತೆ ಹಚ್ಚಿ.
ಎಡಗಾಲಿಗೆ ಜೋಮು ಹಿಡಿದಿತ್ತು.