ಹಳದಿ ಕಾರ್ಡು

ಜೂನಿಗೆ ನನ್ನ ನಿವೃತ್ತಿ. ಡ್ರಾಯರು ಖಾಲಿ ಮಾಡುತ್ತಿದ್ದೇನೆ.
ದಡಾರದ ಚುಚ್ಚುಮದ್ದು, ಹೇನು, ಹುಳುಕು ಹಲ್ಲು, ಕನ್ನಡಕದ ನಂಬರು:
ಸಾರೆಮಾ ದ್ವೀಪದ ಮೂವತ್ತು ವರ್ಷದ ಮಕ್ಕಳು
ಹಳದಿ ಕಾರ್ಡುಗಳಾಗಿ
ಬೆನ್ನಿಗೆ ಬೆನ್ನು ತಾಗಿಸಿ ನಿಂತಿದ್ದಾರೆ.

ಒಂದು ಮಾತ್ರ ದಪ್ಪ. ಎರಡು ಸಲ ಹಾಳೆ ಅಂಟಿಸಿದ್ದೇನೆ.
ತಾವೆಟ್. ಅಪ್ಪ ಫೆರಿಯಲ್ಲಿ ಮೆಕ್ಯಾನಿಕ್.

'ಮಂಗಳವಾರ. ಹೊಟ್ಟೆನೋವು. ಜ್ವರವಿಲ್ಲ. ಪುದೀನ ಚಹಾ.'
'ಮಂಗಳವಾರ. ಹೊಟ್ಟೆನೋವು. ಪುದೀನ ಚಹಾ.'
'ಮಂಗಳವಾರ. ಮೇಲಿನಂತೆ.'

ಏಳು ವರ್ಷ ಆಗ. ಒತ್ತಿ ನೋಡಿದೆ, ಹೊಟ್ಟೆ ಮೆತ್ತಗಿತ್ತು.
ಎಲ್ಲಿ ನೋವು ಎಂದರೆ ಹೊಕ್ಕುಳು ತೋರಿಸುತ್ತಿದ್ದ,
ಒಮ್ಮೆ ಮೊಣಕಾಲು,
ಒಮ್ಮೆ ಕಿಟಕಿಯಾಚೆ ಬೆರಳು ಮಾಡಿದ;
ಅಲ್ಲಿ ಜುನಿಪರ್ ಪೊದೆಗಳ ವಿನಾ ಏನೂ ಇರಲಿಲ್ಲ.
ಬರೆದುಕೊಂಡೆ: ಶಾಲೆ ತಪ್ಪಿಸುವ ನೆಪ.
ಬಾಯಿಗೆ ಬಾರದ್ದು ಹೊಟ್ಟೆಗೆ ಬರುತ್ತದೆಂದು
ಯಾವ ಪುಸ್ತಕದಲ್ಲೋ ಓದಿ ಪರೀಕ್ಷೆ ಪಾಸು ಮಾಡಿದವಳು ನಾನೇ.

ಹತ್ತಕ್ಕೆ ಹೊಟ್ಟೆ ಬಿಟ್ಟು ಮುಷ್ಟಿಗೆ ಇಳಿಯಿತು.
ಬಟ್ಟೆಗೂಡಿನ ತಗಡಿನ ಬಾಗಿಲು ಗುದ್ದಿ
ಗೆಣ್ಣು ನಾಲ್ಕೂ ಒಡೆದುಕೊಂಡು ಬಂದ.
ಮಂಜುಗಡ್ಡೆ ಇಟ್ಟೆ. ಅಂದ:
'ಇನ್ನೂ ಸ್ವಲ್ಪ ಹೊತ್ತು ಇಡಿ, ಇಷ್ಟಾದರೂ ಗೊತ್ತಾಗುತ್ತದೆ.'
ಅದನ್ನು ಬರೆಯಲಿಲ್ಲ. ಬರೆದದ್ದು,
ಅಡಿಗೆರೆ ಎಳೆದು ಬರೆದದ್ದು: ಹಠಮಾರಿ.

ನನ್ನಪ್ಪ ಬಲೆ ಬೀಸುವವನು.
ಹೆಪ್ಪುಗಟ್ಟಿದ ಸಮುದ್ರವನ್ನು ಕಿವಿಯಲ್ಲಿ ಅಳೆಯುತ್ತಿದ್ದ.
ಎಳೆಯದು ಸಿಳ್ಳೆ ಹಾಕುತ್ತದೆ, ಬಲಿತದ್ದು ಗುಡುಗುತ್ತದೆ,
ವಸಂತದ್ದು ತುಟಿಪಿಟಕ್ಕೆನ್ನುವುದಿಲ್ಲ
ಹುಡುಗೀ, ಅದಕ್ಕೆ ಹೆದರು ಎನ್ನುತ್ತಿದ್ದ.
ಮೀನಿನ ಮಾತು ಎಂದುಕೊಂಡಿದ್ದೆ.

ಹದಿಮೂರರ ನಂತರ ಕಾರ್ಡಿನಲ್ಲಿ ಏನೂ ಇಲ್ಲ.
ತೂಕ ನಾಲ್ಕು ಕಿಲೋ ಕಡಿಮೆ, ಪಕ್ಕದಲ್ಲಿ ನನ್ನದೇ ಅಕ್ಷರ:
'ಎತ್ತರ ಬೆಳೆಯುತ್ತಿದ್ದಾನೆ.'
ಎಲ್ಲರನ್ನೂ ನಗಿಸುತ್ತಿದ್ದನಂತೆ.
ಸೈಕಲ್ಲನ್ನು ಯಾರಿಗೋ ಸುಮ್ಮನೆ ಕೊಟ್ಟನಂತೆ.
ಮನೆಗೆ ಹೋದವನೇ ಶೂ ಕಳಚದೆ
ರಾತ್ರಿಯೂಟದವರೆಗೆ ನಿದ್ದೆಯಂತೆ.
ಈ 'ಅಂತೆ'ಗಳೆಲ್ಲ ಸ್ಟಾಫ್‌ ರೂಮಿನವು.
ಹುಡುಗ ಕೊನೆಗೂ ಸುಧಾರಿಸಿದ ಎಂದು
ನಾನೂ ಕಾಫಿಗೆ ಸಕ್ಕರೆ ಕಲಕಿದೆ.

ಕಳೆದ ಗುರುವಾರ ಬಾಗಿಲು ಬಡಿದ.
ಕೈಹಿಡಿದು ತಂಗಿಯನ್ನು ತಂದಿದ್ದ. ಮಿರ್ಟೆಲ್,
ಶಿಶುವಿಹಾರದವಳು, ಕೋಟಿನ ಗುಂಡಿ ಒಂದು ಮನೆ ತಪ್ಪಿ ಹಾಕಿದ್ದು.
'ಹೊಟ್ಟೆನೋವು ಅಂತಾಳೆ' ಅಂದ.
ನನ್ನ ಕೈ ತಾನಾಗಿ ಕೆಟಲಿನ ಕಡೆ ಹೋಯಿತು.

'ಚಹಾ ಬೇಡ, ಸಿಸ್ಟರ್ ಹೆಲ್ಗಿ. ಹೊಟ್ಟೆ ಅಲ್ಲ ಅದು.
ಗೊಂಬೆಗಳನ್ನೆಲ್ಲ ಸಾಲಾಗಿ ಮಲಗಿಸುತ್ತಾಳೆ.
ಮಲಗಿಸುವುದೇ ಆಟ. ಎಬ್ಬಿಸುವ ಆಟ ಇಲ್ಲ.'

ನಿನಗೆ ಹೇಗೆ ಗೊತ್ತು ಎಂದು ಕೇಳಲು
ಬಾಯಿ ತೆರೆದವಳು ಮುಚ್ಚಿದೆ.
ಅವನು ಹಳೆಯ ಕುರ್ಚಿಯಲ್ಲಿ ಕೂತ, ಮಂಗಳವಾರದ ಕುರ್ಚಿ,
ಮೊಣಕಾಲು ಗದ್ದಕ್ಕೆ ಬಂದವು.
ಮಗು ಅವನ ತೋಳಿಗೆ ಒರಗಿ
ಅಂಗೈಯ ಗೆರೆಗಳ ಮೇಲೆ ಬೆರಳು ಓಡಿಸುತ್ತಿತ್ತು.

'ಮೊದಲು ಅವಳದ್ದು ಹೇಳು' ಎಂದೆ, 'ಆಮೇಲೆ ನಿನ್ನದು.'
'ನನ್ನದೇನೂ ಇಲ್ಲ' ಎಂದು ನಕ್ಕ.
ಆ ನಗುವಿನಡಿಯಲ್ಲಿ ಸದ್ದೇ ಇರಲಿಲ್ಲ.
ಈ ಸಲ ಕಿವಿಯಿಟ್ಟೆ.

ಕಾರ್ಡು ಡ್ರಾಯರಿಗೆ ಮರಳಿಲ್ಲ, ಮೇಜಿನ ಮೇಲಿದೆ.
'ಹಠಮಾರಿ' ಹೊಡೆದುಹಾಕಿಲ್ಲ; ಇರಲಿ, ನನ್ನ ಅಕ್ಷರ ಅದು.
ಕುರೆಸಾರೆಯ ಡಾಕ್ಟರಿಗೆ ಎರಡು ಹೆಸರು ಕೊಟ್ಟೆ, ಅಮ್ಮನಿಗೆ ಫೋನು ಮಾಡಿದೆ,
ಬಹಳ ಹೊತ್ತು ಆ ಕಡೆ ಉಸಿರು ಮಾತ್ರ.

ಜೂನಿಗೆ ಇನ್ನೂ ಹನ್ನೊಂದು ಮಂಗಳವಾರ.